ನೀರಗಂಟಿ ಅನ್ನೋ ಹೆಸರನ್ನು ಬಿಡಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ಮೈಸೂರಿನಿಂದ ನನ್ನ ತಮ್ಮನ ಮಗ ಫೋನ್ ಮಾಡಿದ. ಮಗಳನ್ನು ಒಂದನೇ ತರಗತಿಗೆ ಸೇರಿಸುತ್ತಿದ್ದಾನೆ. ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕಂತೆ. ‘ಅತ್ತೆ, ಸರ್‌ನೇಮ್ ಅನ್ನೋ ಖಾನೆ ಖಾಲಿ ಬಿಟ್ರೆ ಮುಂದಕ್ಕೇ ಹೋಗ್ತಿಲ್ಲ. ಏನು ಹಾಕ್ಲಿ? ನನ್ನ ಹೆಸರೇ ಹಾಕ್ಬಿಡ್ಲಾ?’ ಅಂದ. ‘ನೀರಗಂಟಿ ಅಂತ ಹಾಕು’ ಅಂದೆ. ಅದು ನಮ್ಮ ಮನೆತನದ ಹಳೇ ಹೆಸರು. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, ‘ಅದ್ಯಾಕತ್ತೆ ಈಗ?’ ಅಂದ.

ಫೋನಿನಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ. ಅವನೂ ನಿಮ್ಮ ಪತ್ರಿಕೆ ಓದುತ್ತಾನೆ. ಇದೇ ಹೆಸರನ್ನು ಹಳೇ ಕಾಗದಗಳ ಜೊತೆ ಪೆಟ್ಟಿಗೆಯಲ್ಲಿಟ್ಟು ಮರೆತವರು ಇನ್ನೂ ಕೆಲವರು ಓದುತ್ತಿರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ಅಲ್ಲಿಗೆ ನಾಲೆ ನೀರು ಇರಲಿಲ್ಲ. ಕೆರೆ ತುಂಬಿದರೆ ಭತ್ತ, ಇಲ್ಲದಿದ್ದರೆ ರಾಗಿ. ಆ ಕೆರೆಯ ನೀರನ್ನು ಯಾರಿಗೆ, ಯಾವಾಗ, ಎಷ್ಟು ಅಂತ ಹಂಚುತ್ತಿದ್ದವನು ನನ್ನ ತಾತ. ಆ ಕೆಲಸಕ್ಕೆ ನೀರಗಂಟಿ ಅಂತ ಹೆಸರು. ತಾತನ ತಾತನದೂ ಅದೇ ಕೆಲಸ. ನಮ್ಮ ಮನೆಯಲ್ಲಿರುವ ಹಳೇ ಕಂದಾಯದ ರಸೀದಿಗಳಲ್ಲಿ ತಾತನ ಹೆಸರಿನ ಮುಂದೆ ‘ನೀರಗಂಟಿ’ ಅಂತ ಬರೆದಿದೆ. ಶಾಯಿ ಕಂದಿದೆ, ಅಕ್ಷರ ಮಾತ್ರ ಗುಂಡಗೆ ಚೆನ್ನಾಗಿದೆ.

ತೂಬು ಎತ್ತೋದು ಈಗಿನ ಮಕ್ಕಳಿಗೆ ಗೊತ್ತಿಲ್ಲ, ಹೇಳಿಬಿಡುತ್ತೇನೆ. ನಮ್ಮ ಕೆರೆಯಲ್ಲಿ ಏರಿಯಿಂದ ಸ್ವಲ್ಪ ದೂರ, ನೀರಿನೊಳಗೆ ಎರಡು ಕಲ್ಲುಕಂಬ ನಿಂತಿದ್ದವು. ನಡುವೆ ಅಡ್ಡ ಹಾಸಿದ ಕಲ್ಲು. ಆ ಕಲ್ಲಿನ ತೂತಿನಲ್ಲಿ ಉದ್ದನೆಯ ಮರದ ಗಳು ಇಳಿದಿರುತ್ತಿತ್ತು. ಗಳುವಿನ ಕೆಳಗಿನ ದಪ್ಪ ತುದಿ ನೀರಿನ ಕಂಡಿಯನ್ನು ಬಿರಡೆ ಹಾಕಿದ ಹಾಗೆ ಮುಚ್ಚಿರುತ್ತಿತ್ತು. ತಾತ ಬೆಳಗಿನ ಜಾವ ಪಂಚೆ ಎತ್ತಿ ಕಟ್ಟಿ, ಈಜಿಕೊಂಡು ಹೋಗಿ ಕಂಬ ಹತ್ತುತ್ತಿದ್ದ. ಗಳುವನ್ನು ಬೇಕಾದಷ್ಟೇ ಮೇಲಕ್ಕೆತ್ತಿ, ಅದರಲ್ಲಿದ್ದ ತೂತಿಗೆ ಕಬ್ಬಿಣದ ಗೂಟ ಸಿಕ್ಕಿಸುತ್ತಿದ್ದ. ನಾನು ಏರಿಯ ಈಚೆ ಕಾಲುವೆ ಹತ್ತಿರ ಕೂತು ಕಾಯುತ್ತಿದ್ದೆ. ಮೊದಲು ಗುಳುಗುಳು ಅಂತ ಗಾಳಿ ಬರುತ್ತಿತ್ತು, ಆಮೇಲೆ ಕೆಸರು ನೀರು, ಅದು ಹರಿದ ಮೇಲೆ ತಿಳಿನೀರು. ‘ಬಂತಾ?’ ಅಂತ ತಾತ ಕೂಗುತ್ತಿದ್ದ. ‘ಬಂತು!’ ಅಂತ ನಾನು ಕೂಗಬೇಕು.

ನೀರು ಬಿಟ್ಟರೆ ಕೆಲಸ ಮುಗಿಯುತ್ತಿರಲಿಲ್ಲ. ಸನಿಕೆ ಹೆಗಲ ಮೇಲೆ ಹಾಕಿಕೊಂಡು ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಬಯಲಿನ, ಕೊನೇ ಗದ್ದೆವರೆಗೂ ನಡೆಯುತ್ತಿದ್ದ. ರಾತ್ರಿ ಯಾರಾದರೂ ತೆವರಿ (ಬದು) ಒಡೆದು ನೀರು ತಿರುಗಿಸಿಕೊಂಡಿದ್ದರೆ ಅದನ್ನು ಮುಚ್ಚುವುದೂ ಅವನೇ, ಬೈಸಿಕೊಳ್ಳುವುದೂ ಅವನೇ. ಒಂದು ಸಲ ಊರಿನ ದೊಡ್ಡವರೊಬ್ಬರು ತಮ್ಮ ಗದ್ದೆಗೆ ಮೊದಲು ಬಿಡು ಅಂತ ಜೋರು ಮಾಡಿದರು. ತಾತ ತಲೆ ತಗ್ಗಿಸಿಕೊಂಡೇ ಹೇಳಿದ: ‘ಸರದಿ ಬರ್ಲಿ ಸ್ವಾಮಿ. ಕೆಳಗಡೆ ಗದ್ದೇಲಿ ಪೈರು ಒಣಗ್ತಾ ಅವೆ.’ ಮಾತು ಮೆಲ್ಲಗಿತ್ತು. ನೀರು ಕೆಳಗಡೆಗೇ ಹೋಯಿತು.

ನಾವು ದಲಿತರು. ಮನೆ ಊರಾಚೆ ಕೇರಿಯಲ್ಲಿ. ಬಹಳ ಊರುಗಳಲ್ಲಿ ನೀರಗಂಟಿ ಕೆಲಸ ನಮ್ಮ ಜನಕ್ಕೇ ಬಂದಿತ್ತು. ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇಲ್ಲದವನು ಹಂಚಿದರೆ ತನ್ನ ಕಡೆಗೆ ನೀರು ಎಳೆದುಕೊಳ್ಳುವುದಿಲ್ಲ ಅನ್ನುವುದು ಅದಕ್ಕೆ ಹೇಳುವ ಒಂದು ಕಾರಣ. ಎಂಥ ನಂಬಿಕೆ ನೋಡಿ. ಆದರೆ ಅದೇ ದೊಡ್ಡವರ ಮನೆ ಮುಂದೆ ತಾತನಿಗೆ ಬಾಯಾರಿದರೆ ಕೊಡ ಮುಟ್ಟುವ ಹಾಗಿರಲಿಲ್ಲ. ಬಗ್ಗಿ ಬೊಗಸೆ ಒಡ್ಡಬೇಕು, ಅವರು ಮೇಲಿನಿಂದ ಹುಯ್ಯಬೇಕು. ಊರಿಗೆಲ್ಲ ನೀರು ಬಿಟ್ಟ ಕೈ ಅದು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಪ್ಪ ಈ ಹೆಸರನ್ನು ಬಿಟ್ಟಿದ್ದು ಅದಕ್ಕೇ. ಮೈಸೂರಿಗೆ ಹೈಸ್ಕೂಲು ಓದೋಕೆ ಹೋದಾಗ ಹಾಜರಿ ಕೂಗಿದರೆ ಇಡೀ ತರಗತಿ ತಿರುಗಿ ನೋಡುತ್ತಿತ್ತಂತೆ. ಹೆಸರು ಕೇಳಿದರೆ ಜಾತಿ ಗೊತ್ತಾಗುತ್ತಿತ್ತು. ಮುಂದೆ ಅರ್ಜಿ ಬರೆಯುವಾಗ ಊರಿನ ಹೆಸರಿನ ಒಂದಕ್ಷರ, ತಾತನ ಹೆಸರಿನ ಒಂದಕ್ಷರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟರು. ಅಪ್ಪನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆ ವಯಸ್ಸಿನಲ್ಲಿ, ಆ ಕಾಲದಲ್ಲಿ ನಾನೂ ಹಾಗೇ ಮಾಡುತ್ತಿದ್ದೆ.

ನಮ್ಮ ಹಳೇ ಮೈಸೂರು ಕಡೆಯವರಿಗೆ ಅಡ್ಡಹೆಸರೇ ಇಲ್ಲ, ಬರೀ ಇನಿಷಿಯಲ್ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಇನಿಷಿಯಲ್ ಒಳಗೆ ಏನೇನೋ ಅಡಗಿರುತ್ತದೆ. ನಮ್ಮ ಜಿಲ್ಲೆಯವರನ್ನೇ ತೆಗೆದುಕೊಳ್ಳಿ. ಕೆ.ಎಸ್. ನರಸಿಂಹಸ್ವಾಮಿಯವರ ‘ಕೆ’ ಅಂದರೆ ಕಿಕ್ಕೇರಿ, ಎ.ಎನ್. ಮೂರ್ತಿರಾಯರ ‘ಎ’ ಅಂದರೆ ಅಕ್ಕಿಹೆಬ್ಬಾಳು. ಇವು ಊರುಗಳು. ಆದರೆ ಮೇಲುಕೋಟೆಯ ಪು.ತಿ.ನ. ಅವರ ‘ಪು’ ಊರಲ್ಲ, ಪುರೋಹಿತ. ಅದು ಕೆಲಸದ ಹೆಸರು. ಪುರೋಹಿತ ಅನ್ನುವುದು ಹೆಸರಿನ ಮುಂದೆ ಗೌರವದಿಂದ ನಿಂತಿತು, ಸಂತೋಷ. ನೀರಗಂಟಿ ಯಾಕೆ ನಿಲ್ಲಬಾರದು? ಉತ್ತರ ಕರ್ನಾಟಕದ ಕಡೆ ಬಡಿಗೇರ, ತಳವಾರ, ಹಡಪದ ಅಂತ ಕೆಲಸದ ಹೆಸರುಗಳು ಮನೆತನದ ಹೆಸರಾಗಿ ಇವತ್ತಿಗೂ ಇವೆ. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರ ಹೆಸರಿನಲ್ಲೇ ಕಮ್ಮಾರಿಕೆ ಇದೆ ಅಲ್ವಾ.

ನೀರಗಂಟಿ ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ಊರ ಕೆಲಸ ಮಾಡಿ ಬೆಳೆಯಲ್ಲಿ ಪಾಲು ಪಡೆಯುತ್ತಿದ್ದ ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ ಇವರ ಸಾಲಿನಲ್ಲೇ ನೀರಗಂಟಿಯೂ ಇದ್ದ. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚು ಮಾಡಿಸಿದ ಬರಹದಲ್ಲೂ ಆ ಹನ್ನೆರಡರ ಪಟ್ಟಿಯಲ್ಲಿ ನೀರಗಂಟಿ ಇದ್ದಾನೆ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯ ಅಂತ ಭತ್ತ ಅಳೆದು ಕೊಡುತ್ತಿದ್ದರು, ಜೊತೆಗೆ ಸ್ವಲ್ಪ ಇನಾಮು ಜಮೀನು. ಒಂದು ಸಲ ನನ್ನ ಹುಟ್ಟುಮನೆಯ ಹೆಸರು ಕೇಳಿ ‘ನೀವು ತೆಲುಗಿನವರಾ?’ ಅಂದವರಿದ್ದಾರೆ. ತೆಲುಗಿನಲ್ಲಿ ನೀರಟಿ, ತಮಿಳಿನಲ್ಲಿ ನೀರ್‌ಕಟ್ಟಿ. ಕೆರೆ ಇದ್ದ ಕಡೆಯೆಲ್ಲ ಈ ಕೆಲಸದವರು ಇದ್ದರು. ನಮ್ಮದು ಕನ್ನಡದ ನೀರಗಂಟಿ.

ವಂಶದಿಂದ ಬರುವ ಗ್ರಾಮ ಹುದ್ದೆಗಳನ್ನು ತೆಗೆದುಹಾಕುವ ಕಾಯ್ದೆ 1961ರಲ್ಲಿ ಆಯಿತು, 1963ರ ಫೆಬ್ರುವರಿಯಿಂದ ಜಾರಿಗೆ ಬಂತು. ಅದು ಒಳ್ಳೆಯದೇ ಆಯಿತು. ಹುಟ್ಟಿನಿಂದ ಒಬ್ಬನಿಗೆ ಕೆಲಸ ಕಟ್ಟುವುದು ತಪ್ಪು. ಹುದ್ದೆ ಹೋದ ಮೇಲೂ ತಾತ ತೂಬಿಗೆ ಹೋಗುವುದನ್ನು ಬಿಡಲಿಲ್ಲ. ನಾನು ಏರಿ ಮೇಲೆ ಕೂತು ನೋಡಿದ್ದೆಲ್ಲ ಆಮೇಲಿನ ಮಾತು. ನಾಲೆ ಬಯಲಿನ ಮಂಡ್ಯ, ಮದ್ದೂರು ಕಡೆ ಗದ್ದೆಗೆ ನೀರು ಬಿಡುವವನಿಗೆ ಈಗ ಸೌಡಿ ಅನ್ನುವ ಮಾತೇ ಜಾಸ್ತಿ. ಪಂಚಾಯಿತಿಯಲ್ಲಿ ನಲ್ಲಿ ನೀರು ಬಿಡುವವನನ್ನು ಮಾತ್ರ ನೀರುಗಂಟಿ ಅಂತಲೇ ಕರೆಯುತ್ತಾರೆ. ಕೆಲಸದ ಹೆಸರಾಗಿ ಮಾತು ಉಳಿದಿದೆ, ಮನೆತನದ ಹೆಸರಾಗಿ ಹೋಗುತ್ತಿದೆ.

ಮೂವತ್ತನಾಲ್ಕು ವರ್ಷ ಮಕ್ಕಳ ಹಾಜರಿ ಪುಸ್ತಕ ಬರೆದವಳು ನಾನು. ಅಷ್ಟು ವರ್ಷದಲ್ಲಿ ಈ ಹೆಸರನ್ನು ಎರಡೇ ಸಲ ಕಂಡೆ. ಎರಡೂ ಸಲ ತಂದೆಯ ಹೆಸರಿನ ಕಾಲಮ್ಮಿನಲ್ಲಿ, ಮಗುವಿನ ಹೆಸರಿನಲ್ಲಿ ಅಲ್ಲ. ಒಂದು ಕೆರೆಗೆ ಒಂದೋ ಎರಡೋ ನೀರಗಂಟಿ ಮನೆ ಇರುತ್ತಿದ್ದದ್ದು, ಹಾಗಾಗಿ ಮೊದಲೇ ಕಡಿಮೆ. ಅದರಲ್ಲಿ ಓದಿದವರೆಲ್ಲ ನಮ್ಮಪ್ಪನ ಹಾಗೆ ಬಿಟ್ಟರೆ ಉಳಿಯುವುದೆಲ್ಲಿ? ಯಾವ ಕೆರೆಯನ್ನು ಯಾರು ನೋಡಿಕೊಂಡರು ಅನ್ನುವುದಕ್ಕೆ ಎಷ್ಟೋ ಊರುಗಳಲ್ಲಿ ಈ ಹೆಸರು ಬಿಟ್ಟರೆ ಬೇರೆ ಗುರುತಿಲ್ಲ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ. ತೂಬು ಎತ್ತಿದವರ ಹೆಸರು ನಮ್ಮ ಹೆಸರಿನಲ್ಲಿ ಮಾತ್ರ ಇತ್ತು.

ಜಾತಿ ಗೊತ್ತಾಗುತ್ತೆ ಅಂತ ನನ್ನ ತಮ್ಮನ ಮಗ ಹೆದರುತ್ತಿದ್ದರೆ ಅದು ಸುಮ್ನೆ ಹೆದರಿಕೆ ಅಂತ ನಾನು ಹೇಳುವುದಿಲ್ಲ. ಬಾಡಿಗೆ ಮನೆ ಹುಡುಕುವಾಗ ಏನೇನು ಕೇಳುತ್ತಾರೆ ಅಂತ ನನಗೂ ಗೊತ್ತು. ಮಗಳ ಹೆಸರು ಅವನು ಇಟ್ಟ ಹಾಗೆ. ಆದರೆ ಬೇಡ ಅನ್ನುವ ಮೊದಲು ಒಂದು ಭಾನುವಾರ ಮಗಳನ್ನು ಕರೆದುಕೊಂಡು ಊರಿಗೆ ಬರಲಿ. ಎರಡು ಕಂಬಗಳಲ್ಲಿ ಒಂದು ವಾಲಿದೆ, ಇನ್ನೊಂದು ನೆಟ್ಟಗೇ ಇದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಬುಡದವರೆಗೂ ನಡೆದು ಹೋಗಬಹುದು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಳೇ ಪಹಣಿಯಲ್ಲೋ ರಸೀದಿಯಲ್ಲೋ ಅಜ್ಜ, ಮುತ್ತಜ್ಜನ ಹೆಸರಿನ ಜೊತೆ ನೀರಗಂಟಿ ಅಂತ ಇದ್ದರೆ, ದಯವಿಟ್ಟು ಈ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ನಿಮ್ಮದು ಯಾವ ಊರು, ಯಾವ ಕೆರೆ ಅಂತ ಬರೆದರೆ ಸಾಕು.

– ನೀರಗಂಟಿ ಮನೆಯ ಮಗಳು, ನಿವೃತ್ತ ಶಿಕ್ಷಕಿ, ಮಂಡ್ಯ