ವಿಜಯಪುರಕ್ಕೆ ಹೊರಟ ಮಗಳಿಗೆ

ಸುಂಟಿಕೊಪ್ಪ, ಕೊಡಗು
ನವೆಂಬರ್

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ನೋಡಿದೆ. ವಿಜಯಪುರ, ಆಲಮಟ್ಟಿ, ಕೂಡಲಸಂಗಮ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ಎಲ್ಲವೂ ಎರಡೇ ದಿನದಲ್ಲಿ! ಹೀಗೆ ಹೋದರೆ ನೀವು ಮೂವರೂ ನೋಡಿ ಬರುವುದು ಕಾರಿನ ಕಿಟಕಿಯನ್ನು ಮಾತ್ರ. ಫೋನಿನಲ್ಲಿ ಹೇಳೋಣ ಅಂದರೆ ಇಲ್ಲಿ ಕರೆಂಟ್ ಹೋದ ಕೂಡಲೇ ಟವರೂ ಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಗೆಳತಿಯರಿಗೂ ಓದಿ ಹೇಳು.

ಬಾದಾಮಿ, ಐಹೊಳೆ, ಪಟ್ಟದಕಲ್ಲು ಇನ್ನೊಂದು ಸಲಕ್ಕೆ ಇರಲಿ. ಅವು ಚಾಲುಕ್ಯರ ಕಾಲದವು, ವಿಜಯಪುರಕ್ಕಿಂತ ಎಂಟು ಒಂಬತ್ತು ನೂರು ವರ್ಷ ಹಿಂದಿನ ಕಥೆ. ಎರಡನ್ನೂ ಒಂದೇ ಉಸಿರಿಗೆ ನೋಡಿದರೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಎರಡು ದಿನವನ್ನೂ ವಿಜಯಪುರಕ್ಕೇ ಕೊಡು. ಮದುವೆಗೆ ಮೊದಲು ಬ್ಯಾಂಕ್ ಕೆಲಸಕ್ಕೆ ಅಲ್ಲಿಗೆ ವರ್ಗವಾಗಿ ಹೋಗಿದ್ದೆನಲ್ಲ, ಆಗ ಭಾನುವಾರ ಬಂತೆಂದರೆ ಆ ಕಟ್ಟಡಗಳ ನಡುವೆಯೇ ಇರುತ್ತಿದ್ದೆ. ಆ ಊರು ನನಗೆ ತುಂಬ ಇಷ್ಟ. ನೀನೂ ಅದನ್ನು ಚೆನ್ನಾಗಿ ನೋಡಬೇಕು ಅನ್ನುವ ಆಸೆ ನನ್ನದು.

ನನ್ನ ಲೆಕ್ಕ ಇಷ್ಟೇ. ಅಪ್ಪ, ಮಗ, ಮೊಮ್ಮಗ, ಮೂರು ತಲೆಮಾರಿನ ಆದಿಲ್ ಶಾಹಿ ಸುಲ್ತಾನರ ಮೂರು ಗೋರಿಗಳು ಆ ಊರಲ್ಲಿವೆ. ಇಬ್ರಾಹಿಂ ರೋಜಾ ಅಪ್ಪನದು, ಗೋಲಗುಮ್ಮಟ ಮಗನದು, ಬಾರಾ ಕಮಾನು ಮೊಮ್ಮಗನದು. ಅದೇ ಸಾಲಿನಲ್ಲಿ ನೋಡು. ಉಳಿದದ್ದೆಲ್ಲ ಇವುಗಳ ನಡುವೆ ಸಿಕ್ಕಷ್ಟು ಸಿಗಲಿ. ಎಲ್ಲರೂ ಸ್ಟೇಷನ್‌ನಿಂದ ನೇರ ಗೋಲಗುಮ್ಮಟಕ್ಕೆ ಓಡುತ್ತಾರೆ. ನೀನು ಅದನ್ನು ಎರಡನೇ ದಿನದ ಬೆಳಿಗ್ಗೆಗೆ ಇಟ್ಟುಕೋ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಾರು ಬೇಡ, ರೈಲಿಗೆ ಹೋಗು. ಬೆಂಗಳೂರಿನಿಂದ ರಸ್ತೆಯಲ್ಲಿ ಐನೂರು ಕಿಲೋಮೀಟರ್ ದಾಟುತ್ತದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಮಲಗಿದರೆ ಬೆಳಿಗ್ಗೆ ಇಳಿಯಬಹುದು. ಹೊತ್ತು ಆಗಾಗ ಬದಲಾಗುತ್ತದೆ, ಬುಕ್ ಮಾಡುವಾಗ ನೋಡಿಕೋ. ಬಾಗಲಕೋಟೆ ದಾಟಿದ ಮೇಲೆ ನಿದ್ದೆ ಮಾಡಬೇಡ. ಕೃಷ್ಣಾ ನದಿ ಸಿಗುತ್ತದೆ, ಆಮೇಲೆ ಕಪ್ಪು ಮಣ್ಣು, ಜೋಳದ ಹೊಲ, ಮರವೇ ಇಲ್ಲದ ಬಯಲು. ನಾಲ್ಕು ಹೆಜ್ಜೆಗೊಂದು ಏರು, ಒಂದು ಇಳಿಜಾರು ಇರುವ ಊರಲ್ಲಿ ಬೆಳೆದವಳು ನೀನು. ಅಷ್ಟು ಆಕಾಶವನ್ನು ಒಟ್ಟಿಗೆ ನೋಡಿರುವುದಿಲ್ಲ. ಆ ಬಯಲಿನ ಕೊನೆಯಲ್ಲಿ ದೂರದಿಂದಲೇ ಗುಮ್ಮಟ ಕಾಣುತ್ತದೆ. ಕಂಡರೂ ಅವತ್ತು ಹೋಗಬೇಡ!

ರೂಮಿಗೆ ಹೋಗಿ ಸ್ನಾನ ಮಾಡಿ, ತಿಂಡಿ ತಿಂದು, ಮೊದಲು ಜಾಮಿಯಾ ಮಸೀದಿಗೆ ಹೋಗಿ. ನೀನು ಹಂಪಿ ನೋಡಿದ್ದೀಯ ಅಲ್ವಾ? ಮುರಿದ ಗೋಪುರ, ಸುಟ್ಟ ಅರಮನೆಯ ತಳಪಾಯ ನೋಡಿ ಬಂದು ಎರಡು ದಿನ ಬೇಜಾರು ಮಾಡಿಕೊಂಡಿದ್ದೆ. ಆ ಕಥೆಯ ಇನ್ನೊಂದು ಬದಿ ಇಲ್ಲಿದೆ. 1565ರಲ್ಲಿ ರಕ್ಕಸಗಿ ತಂಗಡಗಿಯ ಹತ್ತಿರ ವಿಜಯನಗರವನ್ನು ಸೋಲಿಸಿದ ಸುಲ್ತಾನರಲ್ಲಿ ವಿಜಯಪುರದ ಒಂದನೇ ಅಲಿ ಆದಿಲ್ ಶಾಹನೂ ಒಬ್ಬ. ಆ ಗೆಲುವಾದ ಮೇಲೆ ಅವನು ಕಟ್ಟಿಸಲು ಹೊರಟ ಮಸೀದಿ ಇದು. ಒಳಗೆ ಸಾಲು ಸಾಲು ಕಮಾನು, ಬಿಳಿ ಸುಣ್ಣ, ತಣ್ಣನೆ ನೆಲ. ನೆಲದ ಮೇಲೆ ಒಬ್ಬೊಬ್ಬರು ನಮಾಜು ಮಾಡುವಷ್ಟು ಜಾಗಕ್ಕೆ ಗೆರೆ ಹಾಕಿ ಎರಡು ಸಾವಿರಕ್ಕೂ ಹೆಚ್ಚು ಚೌಕ ಮಾಡಿದ್ದಾರೆ. ನೂರಾರು ವರ್ಷದಿಂದ ಇವತ್ತಿನವರೆಗೂ ಜನ ನಮಾಜು ಮಾಡುವ ಜಾಗ. ತಲೆಗೆ ದುಪಟ್ಟಾ ಹಾಕಿಕೊಳ್ಳಿ, ನಮಾಜಿನ ಹೊತ್ತು ತಪ್ಪಿಸಿ ಹೋಗಿ, ಮೆಲ್ಲಗೆ ಮಾತಾಡಿ. ಅಲ್ಲೇ ಹತ್ತಿರದಲ್ಲಿ ಮೆಹ್ತರ್ ಮಹಲ್ ಇದೆ, ಪುಟ್ಟ ಕಟ್ಟಡ. ಅದರ ಕಲ್ಲಿನ ಕೆತ್ತನೆಯನ್ನು ತಲೆ ಎತ್ತಿ ಐದು ನಿಮಿಷ ನೋಡಿ.

ಆಮೇಲೆ ಆಟೋ ಹಿಡಿದು ಊರಿನ ಪಡುವಣ ಬದಿಗೆ ಹೋಗಿ. ಅಲ್ಲಿ ಮಲಿಕ್ ಎ ಮೈದಾನ್ ಎನ್ನುವ ಫಿರಂಗಿ ಇದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದರು. ಎಳೆಯಲು 400 ಎತ್ತು, 10 ಆನೆ ಬೇಕಾದವು ಎಂದು ಊರವರು ಹೇಳುತ್ತಾರೆ. ಬಾಯಿಯ ಹತ್ತಿರ ನಿಂತು ನೋಡು, ಸಿಂಹದ ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಸುಡುಬಿಸಿಲಲ್ಲಿ ನಿಂತಿದ್ದರೂ ಅದು ಅಷ್ಟು ಬಿಸಿಯಾಗುವುದಿಲ್ಲ. ಬೆರಳಿನ ಗಂಟಿನಿಂದ ಮೆಲ್ಲಗೆ ತಟ್ಟಿದರೆ ಗಂಟೆಯ ನಾದ ಬರುತ್ತದೆ. ಉಪಲಿ ಬುರುಜು ಅಲ್ಲೇ ಪಕ್ಕ. ಹೊರಗೋಡೆಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿದರೆ ಊರೆಲ್ಲ ಕಾಣುತ್ತದೆ. ಮೂವರಲ್ಲಿ ಯಾರಿಗಾದರೂ ಸುಸ್ತಾಗಿದ್ದರೆ ಬುರುಜು ಬಿಡಿ, ನಷ್ಟವಿಲ್ಲ.

ತಾಜ್ ಬಾವಡಿ ಎನ್ನುವ ದೊಡ್ಡ ಬಾವಿಯನ್ನು ಮಾತ್ರ ಬಿಡಬೇಡಿ. ಪ್ರವಾಸಿಗರು ಅದನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತಾರೆ. ಕೊಡಗಿನ ಹುಡುಗಿ ನಿಂತು ನೋಡಲೇಬೇಕಾದ ಜಾಗ ಅದು. ನಮ್ಮ ಮಡಿಕೇರಿಯಲ್ಲಿ ಜುಲೈ ಒಂದು ತಿಂಗಳಲ್ಲಿ ಬೀಳುವಷ್ಟು ಮಳೆ ಅಲ್ಲಿ ವರ್ಷವಿಡೀ ಬೀಳುವುದಿಲ್ಲ. ಅಂಥ ಕಡೆ ದೊಡ್ಡ ರಾಜಧಾನಿ ಕಟ್ಟಿದರು. ಇಷ್ಟು ಜನ ಏನು ಕುಡಿಯುತ್ತಿದ್ದರು? ಅಲ್ಲಿ ಕೆಲಸಕ್ಕಿದ್ದಾಗ, ಬೇಸಿಗೆಯಲ್ಲಿ ನಲ್ಲಿ ಮುಂದೆ ಕೊಡ ಇಟ್ಟು ಕಾಯುವಾಗಲೆಲ್ಲ ನನಗೆ ಇದೇ ಯೋಚನೆ. ತಾಜ್ ಬಾವಡಿಯನ್ನು 1620ರಲ್ಲಿ ಎರಡನೇ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ ಮಲಿಕ್ ಸಂದಲ್ ಕಟ್ಟಿಸಿದ. ಎರಡು ಗೋಪುರ, ನಡುವೆ ಎತ್ತರದ ಕಮಾನು, ಕೆಳಗೆ ಕೆರೆಯಷ್ಟು ಅಗಲದ ನೀರು. ಆಮೇಲೆ 1651ರಲ್ಲಿ ಊರ ಹೊರಗೆ ಬೇಗಂ ತಲಾಬ್ ಕೆರೆ ಕಟ್ಟಿಸಿದರು. ಅಲ್ಲಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ನಡುನಡುವೆ ಕಲ್ಲಿನ ಗೋಪುರ ನಿಲ್ಲಿಸಿ ನೀರಿನ ಒತ್ತಡ ಜಾಸ್ತಿಯಾಗದ ಹಾಗೆ ನೋಡಿಕೊಂಡರು. ಗುಂಜ್ ಎನ್ನುವ ಆ ಗೋಪುರಗಳಲ್ಲಿ ಕೆಲವು ಇನ್ನೂ ಬೀದಿಯ ನಡುವೆ ನಿಂತಿವೆ. ಅರಮನೆ ಕಟ್ಟಿದವರಿಗಿಂತ ಈ ನೀರು ತಂದವರ ಮೇಲೆ ನನಗೆ ಜಾಸ್ತಿ ಗೌರವ.

ಸಂಜೆ ನಾಲ್ಕರ ಹೊತ್ತಿಗೆ ಇಬ್ರಾಹಿಂ ರೋಜಾದಲ್ಲಿರಿ. ಮುಚ್ಚುವವರೆಗೂ ಬೇರೆ ಕಡೆ ಹೋಗಬೇಡಿ. ಎರಡನೇ ಇಬ್ರಾಹಿಂ ಆದಿಲ್ ಶಾಹ 1580ರಿಂದ 1627ರವರೆಗೆ ಆಳಿದವನು. ಸಂಗೀತವೆಂದರೆ ಪ್ರಾಣ. ಹಾಡುಗಳನ್ನು ಬರೆದು ಕಿತಾಬ್ ಎ ನವ್‌ರಸ್ ಎಂಬ ಪುಸ್ತಕ ಮಾಡಿದ. ಅದರಲ್ಲಿ ಸರಸ್ವತಿಗೂ ಗಣಪತಿಗೂ ವಂದನೆ ಇದೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಜನ ಅವನನ್ನು ಜಗದ್ಗುರು ಬಾದಶಾಹ ಅನ್ನುತ್ತಿದ್ದರು. ಅಂಥವನ ಗೋರಿ ಹೇಗಿರಬೇಕೋ ಹಾಗೇ ಇದೆ. ಒಂದೇ ಕಟ್ಟೆಯ ಮೇಲೆ ಗೋರಿ ಮತ್ತು ಮಸೀದಿ ಎದುರುಬದುರು, ನಡುವೆ ನೀರಿನ ತೊಟ್ಟಿ.

ಗೋರಿಯ ಕಿಟಕಿಗಳ ಹತ್ತಿರ ಹೋಗಿ ನೋಡು, ಪುಟ್ಟಿ. ಸಾಮಾನ್ಯವಾಗಿ ಕಲ್ಲಿನ ಜಾಲರಿ ಅಂದರೆ ಹೂ, ಬಳ್ಳಿ, ಚೌಕ. ಇಲ್ಲಿ ಅರಬ್ಬಿ ಅಕ್ಷರಗಳೇ ಜಾಲರಿ. ಅಕ್ಷರ ಉಳಿಸಿಕೊಂಡು ನಡುವಿನ ಕಲ್ಲನ್ನಷ್ಟೇ ತೆಗೆದಿದ್ದಾರೆ. ಓದಲು ಬಾರದಿದ್ದರೂ ಉಳಿ ಎಲ್ಲಿ ತಿರುಗಿದೆ, ಎಲ್ಲಿ ತೆಳುವಾಗಿ ಸಾಗಿದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಒಂದು ಏಟು ತಪ್ಪಿದ್ದರೂ ಚಪ್ಪಡಿ ಒಡೆಯುತ್ತಿತ್ತು. ಒಳಗಿನ ಚಾವಣಿ ಚಪ್ಪಟೆಯಾಗಿದೆ, ಕೆಳಗೆ ಒಂದೂ ಕಂಬವಿಲ್ಲ. ಕಲ್ಲಿಗೆ ಕಲ್ಲು ಕಚ್ಚಿಕೊಂಡು ಸುಮಾರು ನಾನೂರು ವರ್ಷದಿಂದ ನಿಂತಿದೆ. ಇದನ್ನು ಅವನು ರಾಣಿಗೆಂದು ಕಟ್ಟಿಸುತ್ತಿದ್ದ, ತಾನೇ ಮೊದಲು ತೀರಿಕೊಂಡ ಎನ್ನುತ್ತಾರೆ. ಇಬ್ಬರೂ ಅಲ್ಲೇ ಇದ್ದಾರೆ.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದುಬಿಡಿ. ಬಾಗಿಲು ತೆಗೆಯುವ ಹೊತ್ತಿಗೆ ಗೋಲಗುಮ್ಮಟದ ಮುಂದೆ ಇರಬೇಕು. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ತಿಂಗಳು. ಸ್ವಲ್ಪ ಹೊತ್ತು ಕಳೆದರೆ ಬಸ್ಸುಗಟ್ಟಲೆ ಮಕ್ಕಳು ಬರುತ್ತಾರೆ. ಮಕ್ಕಳು ಕೂಗಲಿ, ಅದು ಅವರ ಖುಷಿ. ಆದರೆ ಆ ಗದ್ದಲದಲ್ಲಿ ಗುಮ್ಮಟದ ನಿಜವಾದ ಸೊಗಸು ಸಿಗುವುದಿಲ್ಲ. ನಿನ್ನನ್ನು ಮೊದಲ ದಿನ ತಡೆದದ್ದು ಇದಕ್ಕೇ. ರೈಲಿಳಿದು ಹೋಗುವಷ್ಟರಲ್ಲಿ ಗದ್ದಲ ಶುರುವಾಗಿರುತ್ತದೆ. ಇನ್ನೊಂದು ಕಾರಣವೂ ಇದೆ. ಅಪ್ಪನ ಗೋರಿಯ ನಾಜೂಕು ನೋಡಿದ ಮೇಲೆಯೇ ಮಗ ಯಾಕೆ ಹೀಗೆ ಕಟ್ಟಿದ ಎಂದು ತಿಳಿಯುವುದು. ಮೊಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಕೊಂಡ. ಆ ನಾಜೂಕನ್ನು ಮೀರಿಸುವುದು ಯಾರಿಂದಲೂ ಆಗದು ಎಂದು ಅವನಿಗೆ ಅನ್ನಿಸಿರಬೇಕು. ಅದಕ್ಕೇ ಗಾತ್ರದ ದಾರಿ ಹಿಡಿದ. ಇದು ನನ್ನ ಊಹೆ ಮಾತ್ರವಲ್ಲ, ಅಲ್ಲಿ ಬಹಳ ಜನ ಹೀಗೇ ಹೇಳುತ್ತಾರೆ. ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ಅಷ್ಟು ಭಾರ ಹೊರಲು ಒಳಗೆ ಒಂದು ಕಂಬವಿಲ್ಲ.

ಮೇಲೆ ಹತ್ತುವ ಮೊದಲು ಕೆಳಗೆ ನಡುವಿನಲ್ಲಿ ನಿಂತು ಕತ್ತೆತ್ತಿ ನೋಡು. ನಾಲ್ಕು ಗೋಡೆಯ ಚೌಕದಿಂದ ಎಂಟು ಕಮಾನುಗಳು ಎದ್ದು, ಒಂದನ್ನೊಂದು ಕತ್ತರಿಸಿಕೊಂಡು ಮೇಲೆ ನಕ್ಷತ್ರದ ಹಾಗೆ ಕೂಡುತ್ತವೆ. ಚೌಕ ಹೀಗೆ ವೃತ್ತವಾಗುತ್ತದೆ. ಗುಮ್ಮಟ ಗೋಡೆಗಳನ್ನು ಹೊರಗೆ ತಳ್ಳುತ್ತದೆ, ಒಳಗೆ ಬಾಗಿರುವ ಈ ಕಮಾನುಗಳ ಭಾರ ಅದನ್ನು ಹಿಡಿದು ನಿಲ್ಲಿಸುತ್ತದೆ. ಕಣ್ಣೆದುರು ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದವು ನೆಲಮಾಳಿಗೆಯಲ್ಲಿವೆ.

ಮೂಲೆಯ ಗೋಪುರದಲ್ಲಿ ಮೆಟ್ಟಿಲು ಕಿರಿದು, ಕಡಿದು. ಏಳು ಅಂತಸ್ತು ಹತ್ತಬೇಕು, ಆತುರ ಬೇಡ. ಗ್ಯಾಲರಿಗೆ ಹೋದ ಮೇಲೆ ಮೂವರೂ ಬೇರೆ ಬೇರೆಯಾಗಿ. ನೀನು ಒಂದು ಕಡೆ ಗೋಡೆಗೆ ಮುಖ ಮಾಡಿ ಪಿಸುಗುಟ್ಟು, ಗೆಳತಿ ಎದುರುಬದಿಯ ಗೋಡೆಗೆ ಕಿವಿ ಕೊಡಲಿ. ಕಾಗದ ಹರಿದ ಸದ್ದೂ ಆ ಕಡೆ ಕೇಳುತ್ತದೆ. ಆಮೇಲೆ ಒಂದು ಚಪ್ಪಾಳೆ, ಒಂದೇ ಒಂದು. ಅದು ಸುತ್ತಿ ಸುತ್ತಿ ಬಂದು, ಸಣ್ಣದಾಗಿ, ಪೂರ್ತಿ ಹೋಗುವವರೆಗೂ ಸುಮ್ಮನಿರಿ. ಏಳು ಸಲ ಕೇಳುತ್ತದೆ ಎನ್ನುತ್ತಾರೆ. ಎಣಿಸಿ ನೋಡಿ. ಅಂಚಿನ ಗೋಡೆಗೆ ಒರಗಿ ಫೋಟೋ ತೆಗೆಯುವ ಕೆಲಸ ಬೇಡ, ನನ್ನಾಣೆ.

ಇಳಿದ ಮೇಲೆ ಮುಂದಿರುವ ಮ್ಯೂಸಿಯಂ ನೋಡಿ. ಶುಕ್ರವಾರ ರಜೆ, ದಿನ ಆರಿಸುವಾಗ ನೆನಪಿರಲಿ. ಅಲ್ಲಿಂದ ಬಾರಾ ಕಮಾನು. ಎರಡನೇ ಅಲಿ ಅಜ್ಜನನ್ನೂ ಅಪ್ಪನನ್ನೂ ಮೀರಿಸುವ ಗೋರಿಗೆ ಕೈ ಹಾಕಿದ. 1672ರಲ್ಲಿ ಸತ್ತ, ಕಟ್ಟಡ ಅಲ್ಲಿಗೇ ನಿಂತಿತು. ಮೇಲೆ ಚಾವಣಿಯೇ ಇಲ್ಲದ ಕಪ್ಪು ಕಲ್ಲಿನ ಕಮಾನುಗಳ ಸಾಲು. ಅಲ್ಲಿಂದ ಸ್ವಲ್ಪ ದೂರದಲ್ಲಿ ಗಗನ ಮಹಲ್. ಅಲಿಯ ಮಗ ಸಿಕಂದರ್ 1686ರಲ್ಲಿ ಔರಂಗಜೇಬನಿಗೆ ಶರಣಾದದ್ದು ಅಲ್ಲಿ. ಅಲ್ಲಿಗೆ ಆದಿಲ್ ಶಾಹಿಗಳ ಕಥೆ ಮುಗಿಯಿತು.

ಊಟದ ವಿಷಯ. ಹೋಟೆಲಿನಲ್ಲಿ ಫ್ರೈಡ್ ರೈಸ್ ಕೇಳಿದರೆ ನಾನು ಬೇಜಾರು ಮಾಡಿಕೊಳ್ಳುತ್ತೇನೆ. ಖಾನಾವಳಿ ಹುಡುಕಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಜೊತೆಗೆ ಹಸಿ ಈರುಳ್ಳಿ. ನನ್ನ ಮನೆ ಓನರ್ ಅಮ್ಮ ‘ಬರ್ರಿ, ಕುಂದರ್ರಿ, ಉಣ್ರಿ’ ಎಂದು ಕೈಹಿಡಿದು ಕೂರಿಸುತ್ತಿದ್ದರು. ಅಕ್ಕಿ ರೊಟ್ಟಿ, ಕಡಂಬುಟ್ಟು ತಿಂದು ಬೆಳೆದ ನನಗೆ ಜೋಳದ ರೊಟ್ಟಿಯ ರುಚಿ ಹತ್ತಿಸಿದವರು ಅವರು. ಶೇಂಗಾ ಹೋಳಿಗೆ ಸಿಕ್ಕರೆ ನಿನ್ನ ಅಪ್ಪನಿಗೆ ನಾಲ್ಕು ಕಟ್ಟಿಸಿಕೊಂಡು ಬಾ.

ಬ್ಯಾಗಿನಲ್ಲಿ ಎರಡು ಜೊತೆ ಕಾಲುಚೀಲ ಇಟ್ಟುಕೋ. ಚಪ್ಪಲಿ ಬಿಟ್ಟು ನಡೆಯುವ ಕಡೆ ಮಧ್ಯಾಹ್ನದ ಕಲ್ಲು ಅಂಗಾಲು ಸುಡುತ್ತದೆ. ಬೆಳಗಿನ ಜಾವ ಚಳಿ ಇರುತ್ತದೆ, ಸ್ವೆಟರ್ ಬೇಕು. ಆಟೋ ಹತ್ತುವ ಮೊದಲೇ ಬಾಡಿಗೆ ಮಾತಾಡಿ. ಕತ್ತಲಾದ ಮೇಲೆ ರೂಮಿನಿಂದ ದೂರ ಹೋಗಬೇಡಿ.

ಹುತ್ತರಿ ಹಬ್ಬಕ್ಕೆ ಬರುತ್ತೀಯಲ್ಲ, ಆಗ ಒಂದು ಬೆಳಿಗ್ಗೆ ಮಡಿಕೇರಿಯ ರಾಜರ ಗದ್ದಿಗೆಗೆ ಹೋಗೋಣ. ಚಿಕ್ಕಂದಿನಿಂದ ನೀನು ಅಲ್ಲಿ ಹುಲ್ಲಿನ ಮೇಲೆ ಆಡಿದ್ದೇ ಹೊರತು ಕಟ್ಟಡ ನೋಡಿಲ್ಲ. ದೊಡ್ಡವೀರರಾಜೇಂದ್ರನ ಗೋರಿ, ಲಿಂಗರಾಜೇಂದ್ರನ ಗೋರಿ, ಎರಡರ ಮೇಲೂ ನಡುವೆ ಒಂದು ಗುಮ್ಮಟ, ಮೂಲೆಗಳಲ್ಲಿ ಪುಟ್ಟ ಗೋಪುರ. ಲಿಂಗರಾಜ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನವೂ ಹಾಗೇ. ಶಿವಭಕ್ತ ರಾಜರು ಗುಮ್ಮಟ ಕಟ್ಟಿಸಿಕೊಂಡು ಮೂಲೆಯಲ್ಲಿ ನಂದಿ ಕೂರಿಸಿದರು. ಅದನ್ನು ಸರಿಯಾಗಿ ನೋಡಿಕೊಂಡು ವಿಜಯಪುರಕ್ಕೆ ಹೋದರೆ ಅಲ್ಲಿನ ನಾಲ್ಕು ಗೋಪುರ, ನಡುವಿನ ಗುಮ್ಮಟ ನಿನಗೆ ಗುರುತಿನವರ ಹಾಗೆ ಕಾಣುತ್ತವೆ.

ನಾನೂ ಬರುತ್ತಿದ್ದೆ. ಅರೇಬಿಕಾ ಕುಯ್ಲು ಶುರುವಾಗಿದೆ, ಕಣದ ತುಂಬ ಕಾಫಿ ಹರಡಿದೆ, ಆಳುಗಳು ಸಿಗುವುದೇ ಕಷ್ಟ. ಟಿಕೆಟ್ ಬೇಗ ಬುಕ್ ಮಾಡು, ಡಿಸೆಂಬರಿನಲ್ಲಿ ಸ್ಲೀಪರ್ ಬೇಗ ತುಂಬುತ್ತದೆ. ಯಾವ ತಾರೀಕು ಅಂತ ತಿಳಿಸು. ಮೂವರಿಗೂ ದಾರಿಗೆ ಬೇಕಾದ ತಿಂಡಿ ಹುತ್ತರಿಗೆ ಬಂದಾಗಲೇ ಕಟ್ಟಿಕೊಡುತ್ತೇನೆ.

ನಿನ್ನ
ಅಮ್ಮ