ಮಂಗನಬಾವು ಲಸಿಕೆ: ಏಳು ದಿನ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಯಾವುದೇ ಹೊಸ ಲಸಿಕೆಯ ಮೊದಲ ಹಂತದ ಪರೀಕ್ಷೆ ಮುಗಿದರೂ ಪತ್ರಿಕೆಗಳಲ್ಲಿ ಬರುವ ತಲೆಬರಹ ಒಂದೇ: ‘ಲಸಿಕೆ ಸುರಕ್ಷಿತ’. ಬೇರೆ ಲಸಿಕೆಗಳ ಮಟ್ಟಿಗೆ ಇದು ಹೇಗೋ ನಡೆದೀತು. ಮಂಗನಬಾವಿನ ಜೀವಂತ ಲಸಿಕೆಯ ವಿಷಯದಲ್ಲಿ ಎಷ್ಟು ದಿನ ನೋಡಿದರು, ಯಾರಲ್ಲಿ ನೋಡಿದರು ಎಂದು ಹೇಳದೆ ಈ ಪದ ಬಳಸಿದರೆ ಓದುಗರಿಗೆ ಏನನ್ನೂ ಹೇಳಿದಂತಾಗದು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ‘ಮಂಗನ’ ಎಂದರೆ ನೆನಪಾಗುವುದು ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ. ಮಂಗನಬಾವಿಗೂ ಮಂಗಗಳಿಗೂ ಸಂಬಂಧವಿಲ್ಲ. ಕಿವಿಯ ಕೆಳಗಿನ ಜೊಲ್ಲುಗ್ರಂಥಿ ಬಾತು ಮುಖ ಮಂಗನದರಂತೆ ಕಾಣುತ್ತದೆ, ಅಷ್ಟೇ. ಕೆಎಫ್‌ಡಿಗೆ ಕೊಡುತ್ತಿದ್ದ ಹಳೆಯ ಲಸಿಕೆ ಫಾರ್ಮಾಲಿನ್ ಹಾಕಿ ಕೊಂದ ವೈರಸ್ಸಿನದು. ಮಂಗನಬಾವಿನದು ಬದುಕಿರುವ, ಆದರೆ ಬಲ ಕುಗ್ಗಿಸಿದ ವೈರಸ್. ಸುರಕ್ಷತೆಯ ಪ್ರಶ್ನೆಗಳೆಲ್ಲ ಹುಟ್ಟುವುದು ಈ ‘ಬದುಕಿರುವ’ ಎಂಬಲ್ಲಿಂದ.

ಬಲ ಕುಗ್ಗಿಸುವುದೆಂದರೆ ಕೋಳಿಮೊಟ್ಟೆಯ ಭ್ರೂಣದಲ್ಲೋ ಜೀವಕೋಶಗಳಲ್ಲೋ ವೈರಸ್ಸನ್ನು ಮತ್ತೆ ಮತ್ತೆ ಬೆಳೆಸಿ, ಮನುಷ್ಯನ ದೇಹದಲ್ಲಿ ಅದರ ಆರ್ಭಟ ಇಳಿಸುವುದು. ನಮ್ಮ ಕಡೆಯ ಆಲೆಮನೆಯಲ್ಲಿ ಜೋನಿಬೆಲ್ಲದ ಹದ ನೋಡುವಂಥದ್ದೇ ಕೆಲಸ. ಹದ ಮೀರಿದರೆ ಏನಾಗುತ್ತದೆಂಬುದಕ್ಕೆ ಸ್ವಿಟ್ಜರ್ಲೆಂಡಿನ ರೂಬಿನಿ ತಳಿ ಸಾಕ್ಷಿ: ತೊಂದರೆಯೇನೂ ಕೊಡಲಿಲ್ಲ, ರಕ್ಷಣೆಯನ್ನೂ ಕೊಡಲಿಲ್ಲ. ಅದನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು. ಹದ ಸಾಲದಿದ್ದರೆ ಜಪಾನಿನ ಉರಾಬೆ ತಳಿಯ ಕಥೆಯಾಗುತ್ತದೆ. ಚೆನ್ನಾಗಿ ರಕ್ಷಿಸುತ್ತಿದ್ದ ಈ ಲಸಿಕೆ ಕೆಲವು ಮಕ್ಕಳಲ್ಲಿ ಮೆನಿಂಜೈಟಿಸ್, ಅಂದರೆ ಮಿದುಳುಪೊರೆಯ ಉರಿಯೂತ ತಂದಿತು. ಬ್ರಿಟನ್ 1988ರಲ್ಲಿ ಬಳಕೆಗೆ ತಂದು 1992ರಲ್ಲಿ ಹಿಂತೆಗೆಯಿತು, ಜಪಾನ್ 1989ರಲ್ಲಿ ತಂದು 1993ರಲ್ಲಿ ಕೈಬಿಟ್ಟಿತು.

ಉರಾಬೆಯಿಂದ ಕಲಿಯಬೇಕಾದ್ದು ಎರಡು ಲೆಕ್ಕ. ಬ್ರಿಟನ್ನಿನ ಅಂದಾಜಿನಲ್ಲಿ ತೊಂದರೆ ಬಂದದ್ದು ಸುಮಾರು 11,000 ಡೋಸಿಗೆ ಒಂದು ಮಗುವಿಗೆ. ಬಂದ ಸಮಯ ಚುಚ್ಚಿದ 15ರಿಂದ 35 ದಿನಗಳ ನಡುವೆ.

ಈಗ ಮೊದಲ ಹಂತದ ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಕೆಲವೇ ಹತ್ತಾರು ಅಥವಾ ನೂರಾರು ಜನ. ಮೊದಲು ವಯಸ್ಕರು, ನಂತರ ದೊಡ್ಡ ಮಕ್ಕಳು, ಕೊನೆಗೆ ಒಂದೆರಡು ವರ್ಷದವರು. ಡೋಸ್ ಕೂಡ ಕಡಿಮೆಯಿಂದ ಹೆಚ್ಚಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳುತ್ತಾರೆ. ತೀವ್ರ ಅಲರ್ಜಿ ಬರುವುದಾದರೆ ಹೆಚ್ಚಾಗಿ ಆಗಲೇ. ಅದಕ್ಕೆ ಅಡ್ರಿನಲಿನ್ ಸಿರಿಂಜು ಪಕ್ಕದಲ್ಲಿರಬೇಕು, ಪ್ರತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕದಲ್ಲಿ ತೊಡೆಯ ಸ್ನಾಯುವಿಗೆ. ನಂತರ ಮನೆಯವರ ಕೈಗೆ ದಿನದಿನದ ಲಕ್ಷಣ ಬರೆಯುವ ಡೈರಿ ಕಾರ್ಡ್, ಥರ್ಮಾಮೀಟರ್, ಚುಚ್ಚಿದ ಜಾಗದ ಬಾವು ಅಳೆಯಲು ಸ್ಕೇಲು.

ಆ ಡೈರಿ ಏಳು ದಿನದ್ದಾದರೆ ಕೈನೋವು, ಕೆಂಪು, ಜ್ವರ ಸಿಕ್ಕಾವು. ಲಸಿಕೆಯ ವೈರಸ್ ದೇಹದಲ್ಲಿ ಬೆಳೆದು ಕೆನ್ನೆ ಬಾತುಕೊಳ್ಳುವುದು ಸಾಮಾನ್ಯವಾಗಿ ಎರಡನೇ ವಾರದ ಹೊತ್ತಿಗೆ, ಮೆನಿಂಜೈಟಿಸ್ ಇನ್ನೂ ತಡವಾಗಿ. ಆದ್ದರಿಂದ ಈ ಲಸಿಕೆಗೆ 42 ದಿನದ ಡೈರಿ ಬೇಕೇ ಬೇಕು. ಇನ್ನು ಸಂಖ್ಯೆಯ ಮಾತು: 100 ಮಕ್ಕಳಲ್ಲಿ ಒಬ್ಬರಿಗೂ ಏನೂ ಆಗಲಿಲ್ಲವೆಂದರೆ, ನಿಜವಾದ ಅಪಾಯ ನೂರಕ್ಕೆ ಮೂರರವರೆಗೂ ಇರಬಹುದು ಎಂದೇ ಸಂಖ್ಯಾಶಾಸ್ತ್ರ ಹೇಳುತ್ತದೆ. 300 ಮಕ್ಕಳಾದರೆ ನೂರಕ್ಕೆ ಒಂದು. 11,000ಕ್ಕೆ ಒಂದರಂಥ ತೊಂದರೆ ಒಮ್ಮೆಯಾದರೂ ಕಣ್ಣಿಗೆ ಬೀಳುವ ಭರವಸೆ ಬೇಕಿದ್ದರೆ ಸುಮಾರು 33,000 ಮಕ್ಕಳು ಬೇಕು. ಮೊದಲ ಹಂತದ ಯಾವ ಪರೀಕ್ಷೆಯೂ ಅಷ್ಟು ದೊಡ್ಡದಿರುವುದಿಲ್ಲ. ಅದು ತಪ್ಪಲ್ಲ, ಅದರ ಕೆಲಸವೇ ಬೇರೆ. ತಲೆಬರಹ ಮಾತ್ರ ಅದನ್ನು ಮರೆಸುತ್ತದೆ.

ವಯಸ್ಕರ ಫಲಿತಾಂಶವನ್ನಂತೂ ಇನ್ನೂ ಎಚ್ಚರದಿಂದ ಓದಬೇಕು. ಬಹುಪಾಲು ವಯಸ್ಕರಿಗೆ ಚಿಕ್ಕಂದಿನಲ್ಲೇ ಮಂಗನಬಾವು ಬಂದುಹೋಗಿರುತ್ತದೆ, ಎಷ್ಟೋ ಜನರಿಗೆ ಗೊತ್ತೇ ಆಗದ ಹಾಗೆ. ಅವರ ರಕ್ತದಲ್ಲಿರುವ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನು ಹೆಚ್ಚು ಬೆಳೆಯಗೊಡುವುದಿಲ್ಲ. ಹಾಗಾಗಿ ಅವರಿಗೆ ಏನೂ ಆಗಲಿಲ್ಲವೆಂಬುದು ಪ್ರತಿಕಾಯವೇ ಇಲ್ಲದ ಮಗುವಿನ ಬಗ್ಗೆ ಏನೂ ಹೇಳದು. ಚುಚ್ಚುವ ಮೊದಲು ಎಲ್ಲರ ರಕ್ತ ಪರೀಕ್ಷಿಸಿ, ಪ್ರತಿಕಾಯ ಇಲ್ಲದವರ ಅಂಕಿಅಂಶವನ್ನು ಬೇರೆಯಾಗಿಯೇ ಕೊಡಬೇಕು.

ಇನ್ನೊಂದು ಬಲೆ ಶೀತಲ ಸರಪಳಿಯದ್ದು. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಬೆಳಕು ತಾಗಬಾರದು, ದ್ರಾವಕ ಬೆರೆಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋಗುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಬಿಸಿ ತಾಗಿ ಸತ್ತ ಲಸಿಕೆಯಷ್ಟು ‘ಸುರಕ್ಷಿತ’ ಲಸಿಕೆ ಬೇರೊಂದಿಲ್ಲ! ಹಾಗಾಗಿ ತೊಂದರೆಯ ಪಟ್ಟಿಯ ಜೊತೆಗೆ ಎಷ್ಟು ಮಕ್ಕಳಲ್ಲಿ ಹೊಸದಾಗಿ ಪ್ರತಿಕಾಯ ಹುಟ್ಟಿತೆಂಬ ಪಟ್ಟಿಯನ್ನೂ ಕೇಳಬೇಕು. ಎರಡೂ ಒಟ್ಟಿಗಿದ್ದರೆ ಮಾತ್ರ ಅರ್ಥ.

ಹೋಲಿಕೆಯ ಗುಂಪು ಇಲ್ಲದ ಪರೀಕ್ಷೆಗೆ ಬೆಲೆ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಮಕ್ಕಳಿಗೆ ಜ್ವರ ಹೇಗೂ ಬರುತ್ತದೆ. ಅರ್ಧ ಮಕ್ಕಳಿಗೆ ಈಗಾಗಲೇ ಬಳಕೆಯಲ್ಲಿರುವ ಲಸಿಕೆ ಕೊಟ್ಟು, ಯಾರಿಗೆ ಯಾವುದೆಂದು ಲಕ್ಷಣ ಬರೆದುಕೊಳ್ಳುವವರಿಗೂ ತಿಳಿಸದೆ ನೋಡಿದರೆ ಮಾತ್ರ ಹೆಚ್ಚಿನ ಜ್ವರ ಲಸಿಕೆಯದೋ ಮಳೆಯದೋ ಗೊತ್ತಾದೀತು. ಘಟ್ಟದ ಕಡೆ ಇನ್ನೂ ತೊಡಕು. ಕೆಎಫ್‌ಡಿ ಬಂದ ಕೆಲವರಿಗೆ ಜ್ವರ ಬಿಟ್ಟು, ಮೂರನೇ ವಾರದಲ್ಲಿ ಮತ್ತೆ ಜ್ವರ, ತಲೆನೋವು, ಕತ್ತು ಬಿಗಿತ ಕಾಣಿಸಿಕೊಳ್ಳುತ್ತದೆ. ಲಸಿಕೆಯ ಮೆನಿಂಜೈಟಿಸ್ ಕಾಣುವುದೂ ಹೀಗೆಯೇ. ಡಿಸೆಂಬರ್‌ನಿಂದ ಮೇವರೆಗಿನ ಕಾಲದಲ್ಲಿ ಇಲ್ಲಿ ಇಂಥ ಲಸಿಕೆ ಕೊಟ್ಟರೆ ಎರಡಕ್ಕೂ ವೈರಸ್ಸಿನ ಜೀನು ಹುಡುಕುವ ಪಿಸಿಆರ್ ಪರೀಕ್ಷೆ ಮಾಡಲೇಬೇಕು. ಬೆನ್ನುಹುರಿಯ ನೀರಿನಲ್ಲಿ ಮಂಗನಬಾವಿನ ವೈರಸ್ ಸಿಕ್ಕರೂ ಕೆಲಸ ಅಲ್ಲಿಗೆ ಮುಗಿಯದು. ಅದರ ಎಸ್‌ಎಚ್ ಎಂಬ ಚಿಕ್ಕ ಜೀನಿನ ಅಕ್ಷರಗಳನ್ನು ಓದಿದರೆ ಅದು ಲಸಿಕೆಯ ತಳಿಯೋ ಊರಲ್ಲಿ ಹರಡುತ್ತಿರುವುದೋ ತಿಳಿಯುತ್ತದೆ.

ಡೈರಿ ಹಾಳಾಗುವುದು ಇನ್ನೂ ಸರಳ ಕಾರಣಗಳಿಗೆ. ಮೈ ಬಿಸಿಯೆನಿಸಿದ ಕೂಡಲೇ ಅಳೆಯದೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸುತ್ತಾರೆ, ಜ್ವರ ಕಾಗದಕ್ಕೆ ಬರುವುದೇ ಇಲ್ಲ. ಜೊಯಿಡಾದ ಒಳಗಿನ ಹಳ್ಳಿಗೆ ಫೋನ್ ಸಿಗುವುದಿಲ್ಲ, ಸಿಗದವರನ್ನು ‘ತೊಂದರೆ ಇಲ್ಲ’ದವರ ಪಟ್ಟಿಗೆ ಸೇರಿಸಿದರೆ ಲೆಕ್ಕವೇ ಸುಳ್ಳು. ಜೊತೆಗೆ ಮನೆಮಂದಿ. ಲೆನಿನ್‌ಗ್ರಾಡ್ ಮೂಲದ ತಳಿಗಳು ಲಸಿಕೆ ಪಡೆದವರಿಂದ ಪಡೆಯದವರಿಗೆ ದಾಟಿದ್ದು ರಷ್ಯಾ, ಕ್ರೊಯೇಷಿಯಾಗಳಲ್ಲಿ ದಾಖಲಾಗಿದೆ. ಹೊಸ ತಳಿಯ ಪರೀಕ್ಷೆಯಲ್ಲಿ ಮಗುವಿನ ಗಂಟಲ ದ್ರವದಲ್ಲಿ ವೈರಸ್ ಎಷ್ಟು ದಿನ ಬರುತ್ತದೆಂದು ನೋಡಬೇಕು, ಮನೆಯಲ್ಲಿ ಗರ್ಭಿಣಿ ಇದ್ದಾಳೆಯೇ ಎಂದು ಮೊದಲೇ ಕೇಳಬೇಕು.

ಇಷ್ಟೆಲ್ಲ ರಗಳೆಯ ಹೊಸ ಲಸಿಕೆ ಯಾಕೆ ಎಂದರೆ ಕಾರಣವಿದೆ. ಅಮೆರಿಕದಲ್ಲಿ 1967ರಿಂದ ಇರುವ ಜೆರಿಲ್ ಲಿನ್ ತಳಿ, ಜೀನು ನೋಡಿ ವಿಂಗಡಿಸಿದ ವೈರಸ್ ಗುಂಪುಗಳಲ್ಲಿ, ‘ಎ’ ಗುಂಪಿನದು. ಇಂದು ಜಗತ್ತಿನಲ್ಲಿ ಹೆಚ್ಚು ಹರಡುತ್ತಿರುವುದು ‘ಜಿ’. ಎರಡು ಡೋಸ್ ಪಡೆದವರಲ್ಲೂ ವರ್ಷಗಳ ನಂತರ ರಕ್ಷಣೆ ತೆಳುವಾಗಿ ಹಾಸ್ಟೆಲ್ ವಯಸ್ಸಿನವರಲ್ಲಿ ರೋಗ ಮರಳುತ್ತಿದೆ. ಚೀನಾದಲ್ಲಿ ‘ಎಫ್’ ಗುಂಪಿನ ತಳಿಯ ಲಸಿಕೆಯನ್ನು ಮನುಷ್ಯರಲ್ಲಿ ಪರೀಕ್ಷಿಸಿದ್ದೂ ಅಲ್ಲಿ ಹರಡುವ ವೈರಸ್ಸಿಗೆ ಹತ್ತಿರವಿರಲಿ ಎಂದೇ. ನಮ್ಮ ಸರ್ಕಾರಿ ಪಟ್ಟಿಗೆ 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆ ಬಂದಾಗ ಮಂಗನಬಾವನ್ನು ಸೇರಿಸಲಿಲ್ಲ. ಖಾಸಗಿಯಾಗಿ ಕೊಡುವ, ದಡಾರ-ಮಂಗನಬಾವು-ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್ ಮಾತ್ರ ಉಳಿದ ದಾರಿ. ಮೇಲಿನದನ್ನು ಓದಿ ಅದನ್ನು ತಪ್ಪಿಸುವವರಿದ್ದರೆ ತಿಳಿದಿರಲಿ: ಲಸಿಕೆ ಇಲ್ಲದೆ ರೋಗವೇ ಬಂದರೆ ಮೆನಿಂಜೈಟಿಸ್‌ನ ಸಾಧ್ಯತೆ ನೂರು ರೋಗಿಗಳಲ್ಲಿ ಇಷ್ಟು ಎಂಬ ಲೆಕ್ಕದಲ್ಲಿದೆ, ಸಾವಿರಾರು ಜನರಲ್ಲಿ ಒಬ್ಬರು ಎಂಬ ಲೆಕ್ಕದಲ್ಲಲ್ಲ. ಹರೆಯದ ಹುಡುಗರಿಗೆ ವೃಷಣದ ಬಾವು ಬೇರೆ.

ಭಾರತದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಮೊದಲ ವ್ಯಕ್ತಿಗೆ ಚುಚ್ಚುವ ಮುನ್ನವೇ ಪರೀಕ್ಷೆಯು ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ ಕಡತವಾದ ಸಿಟಿಆರ್‌ಐಯಲ್ಲಿ ನೋಂದಣಿಯಾಗಬೇಕು, ಗಂಭೀರ ತೊಂದರೆಯನ್ನು 24 ಗಂಟೆಯೊಳಗೆ ತಿಳಿಸಬೇಕು. ಆ ನೋಂದಣಿ ಯಾರು ಬೇಕಾದರೂ ನೋಡಬಹುದಾದ ಕಡತ. ನಿಮ್ಮ ವರದಿಗಾರರು ಅದನ್ನು ತೆರೆದು ದಿನ, ಸಂಖ್ಯೆ, ಹೋಲಿಕೆ ಗುಂಪು ಇವಿಷ್ಟನ್ನು ಸುದ್ದಿಯ ಮೊದಲ ಪ್ಯಾರಾದಲ್ಲಿ ಕೊಡಲಿ.

ಓದುಗರಲ್ಲೂ ಒಂದು ಕೋರಿಕೆ. ಬ್ರಿಟನ್ನಿನಲ್ಲಿ ಉರಾಬೆಯ ಗುಟ್ಟು ಬಯಲಾದದ್ದು ಆಸ್ಪತ್ರೆ ಲ್ಯಾಬಿನ ದಾಖಲೆಯನ್ನು ಲಸಿಕೆಯ ದಾಖಲೆಯ ಜೊತೆ ಹೊಂದಿಸಿ ನೋಡಿದಾಗ. ಇಲ್ಲಿ ಖಾಸಗಿ ಕ್ಲಿನಿಕ್ಕಿನ ಎಂಎಂಆರ್ ಎಷ್ಟೋ ಸಲ ತಾಯಿ ಕಾರ್ಡಿಗೆ ಏರುವುದೇ ಇಲ್ಲ. ಚುಚ್ಚಿಸಿದ ದಿನವೇ ತಾರೀಖು, ಕಂಪನಿ, ತಳಿ, ಬ್ಯಾಚ್ ಸಂಖ್ಯೆಯನ್ನು ಬಾಟಲಿ ನೋಡಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಮೂರು ವಾರದ ನಂತರ ಮಗುವಿಗೆ ಜ್ವರ, ವಾಂತಿ, ಕತ್ತು ಬಿಗಿತ ಬಂದರೆ ವೈದ್ಯರ ಮುಂದೆ ಮೊದಲು ಆ ಕಾರ್ಡನ್ನೇ ಇಡಿ.

– ಮಕ್ಕಳ ವೈದ್ಯರ ಬಳಗ, ಶಿರಸಿ–ಕುಮಟಾ