ಅಕ್ಕನಿಗೆ: ಹೊಲಿಗೆಗೆ ಅದರದೇ ಹೊತ್ತು ಇರಲಿ

ಮಸ್ಕತ್,
ಮೇ 10

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನೀರ್ಚಾಲಿನಲ್ಲಿ ನೀನು, ಭಾವ, ಮಕ್ಕಳೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಮೊನ್ನೆ ನೀನು ಫೋನಿನಲ್ಲಿ ಮದುವೆಮನೆಯವರ ರವಿಕೆಯ ಎರಡು ತೋಳುಗಳೂ ಒಂದೇ ಕೈಗೆ ಬರುವಂತೆ ಕತ್ತರಿಸಿಹೋಯಿತೆಂದು ಹೇಳಿ, "ವಯಸ್ಸಾಯಿತು, ಇನ್ನು ಮಿಷನ್ ಮುಚ್ಚಿಡುವುದೇ ಸರಿ" ಎಂದೆಯಲ್ಲ, ಆ ಮಾತು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ನಾಲ್ಕು ಸಮಾಧಾನದ ಮಾತು ಹೇಳಿ ಮುಗಿಸುವ ವಿಷಯ ಇದಲ್ಲವೆಂದು ತೋರಿದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ತೋಳಿನ ಕಂಕುಳ ತಿರುವು ಹಿಂದಿಗಿಂತ ಮುಂದೆ ತುಸು ಆಳವಾಗಿರಬೇಕು, ಬಟ್ಟೆಯ ಒಳ್ಳೆಯ ಮುಖಗಳು ಒಂದಕ್ಕೊಂದು ಎದುರಾಗುವಂತೆ ಮಡಚಿ ಕತ್ತರಿಸಿದರೆ ಎಡ ಬಲ ತಾನಾಗಿಯೇ ಬರುತ್ತದೆ ಎಂದು ನನಗೆ ಕಲಿಸಿದವಳು ನೀನೇ. ಅದನ್ನು ನೀನು ಮರೆತಿಲ್ಲ. ಆದರೆ ಆ ದಿನ ಒಲೆಯ ಮೇಲೆ ಕುಕ್ಕರ್ ಇತ್ತು, ಅಂಗಳದಲ್ಲಿ ಹಲಸಿನ ಹಪ್ಪಳ ಹರಡಿದ್ದರಿಂದ ಮೋಡದ ಮೇಲೊಂದು ಕಣ್ಣಿತ್ತು, ನಡುವೆ ಯಾರದೋ ಫೋನು ಬಂತು. ಫೋನು ಇಟ್ಟು ಬಂದು ಕತ್ತರಿ ಹಿಡಿದಾಗ ಬಟ್ಟೆ ಮಡಚಿದ್ದು ಹೇಗೆಂದು ಮತ್ತೊಮ್ಮೆ ನೋಡುವಷ್ಟು ವ್ಯವಧಾನ ನಿನಗೆ ಸಿಗಲಿಲ್ಲ. ಇದನ್ನು ಬರಿಯ ವಯಸ್ಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ ಅಕ್ಕ.

ಗಮನ ಬೇಡುವ ಎರಡು ಕೆಲಸಗಳನ್ನು ನಮ್ಮ ಮಿದುಳು ಒಟ್ಟಿಗೆ ಮಾಡುವುದೇ ಇಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ಮತ್ತೆ ಹಿಂದಿರುಗುತ್ತದೆ, ಹಾಗೆ ಹಿಂದಿರುಗುವಾಗಲೆಲ್ಲ ಎಲ್ಲಿ ನಿಲ್ಲಿಸಿದ್ದೆವೆಂದು ಹುಡುಕಿಕೊಳ್ಳಬೇಕಾಗುತ್ತದೆ. ಇದು ಇಪ್ಪತ್ತರ ಹುಡುಗಿಗೂ ತಪ್ಪಿದ್ದಲ್ಲ. ವಯಸ್ಸು ಏರಿದಂತೆ ಆ ಹುಡುಕಾಟ ನಿಧಾನವಾಗುತ್ತದೆ, ನಡುವೆ ಕೈಜಾರುವುದೂ ಹೆಚ್ಚುತ್ತದೆ. ಆದರೆ ವರ್ಷಗಟ್ಟಲೆ ಮಾಡಿ ಕೈಗೆ ಕೂತ ಕೆಲಸ ಅಷ್ಟು ಸುಲಭವಾಗಿ ಹೋಗುವುದಿಲ್ಲ. ನಿನ್ನ ಬೆರಳುಗಳಿಗೆ ಕಾಜ ಕಟ್ಟುವುದು, ಅಂಚು ಮಡಚುವುದು, ಸೀರೆಗೆ ಫಾಲ್ ಹಚ್ಚುವುದು ಈಗಲೂ ಗೊತ್ತು. ನಿನಗೆ ಇಲ್ಲದಿರುವುದು ಯಾರೂ ಕರೆಯದ ಒಂದು ಗಂಟೆ ಮಾತ್ರ.

ಈ ಊರಿನ ಗಂಡಸರು ಕುಮ್ಮ ಎಂಬ ಕಸೂತಿ ಟೊಪ್ಪಿ ಧರಿಸುತ್ತಾರೆ. ಬಟ್ಟೆಯಲ್ಲಿ ಸಣ್ಣ ಸಣ್ಣ ತೂತುಗಳನ್ನು ಮಾಡಿ, ಒಂದೊಂದರ ಅಂಚನ್ನೂ ನೂಲಿನಿಂದ ಕಟ್ಟುವ ಈ ಕೆಲಸವನ್ನು ಹೆಂಗಸರು ಮನೆಯಲ್ಲಿಯೇ ಕೂತು ಮಾಡುತ್ತಾರೆ. ಕೈಯಲ್ಲೇ ಮಾಡಿದ ಒಳ್ಳೆಯ ಟೊಪ್ಪಿ ಮುಗಿಯಲು ವಾರಗಳೇ ಬೇಕು. ನೋಡಿದಾಗಲೆಲ್ಲ ನಮ್ಮ ಕಾಸರಗೋಡಿನ ತಳಂಗರೆಯ ಬಿಳಿ ಟೊಪ್ಪಿಯ ನೆನಪಾಗುತ್ತದೆ, ಅದೂ ಹೆಂಗಸರು ಮನೆಗಳಲ್ಲಿ ಕೂತು ಕೈಯಿಂದ ಹೊಲಿದದ್ದೇ ತಾನೆ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದ್ದರೂ ಕುಮ್ಮ ಹೊಲಿಯುತ್ತಾರೆ. ಬೆಳಗ್ಗೆ ಬಿಸಿಲು ಏರುವ ಮುನ್ನ ಕಿಟಕಿಯ ಬಳಿ ಕೂರುತ್ತಾರೆ. ಆ ಹೊತ್ತಿನಲ್ಲಿ ಒಲೆ ಸೊಸೆಯದ್ದು, ಬಾಗಿಲು ಮೊಮ್ಮಕ್ಕಳದ್ದು. ಅವರು ಏಳುವುದು ಒಂದು ಸಾಲು ಮುಗಿದ ಮೇಲೆ. ಆ ಮನೆಯವರೆಲ್ಲರೂ ಅದನ್ನು ಅಜ್ಜಿಯ ಕೆಲಸದ ಹೊತ್ತೆಂದು ಒಪ್ಪಿಕೊಂಡಿದ್ದಾರೆ. ನಿನ್ನ ಹೊಲಿಗೆಯನ್ನು ಮಾತ್ರ ನಮ್ಮ ಮನೆಯಲ್ಲಿ ಎಲ್ಲರೂ ಬಿಡುವಿನ ಕೆಲಸವೆಂದೇ ಎಣಿಸಿದ್ದೇವೆ. ಅದರ ದುಡ್ಡಿನಿಂದಲೇ ಮಕ್ಕಳ ಫೀಸು ಕಟ್ಟಿದ ವರ್ಷಗಳಿದ್ದರೂ ಹೀಗೆ ಎಣಿಸಿದ್ದು ನನಗೆ ನೋವು ತರುತ್ತದೆ.

ಕಣ್ಣಿನ ಮಾತನ್ನೂ ಹೇಳಬೇಕು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತ ಹೋಗಿ ಹತ್ತಿರದ್ದನ್ನು ಹಿಡಿಯುವ ಶಕ್ತಿ ಕುಂದುತ್ತದೆ, ಪಾಪೆಯೂ ಕಿರಿದಾಗುವುದರಿಂದ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಆದ್ದರಿಂದ ಚಾಳೀಸು ಒಂದೇ ಸಾಲದು, ಬೆಳಕೂ ಹೆಚ್ಚು ಬೇಕು. ಮಿಷನನ್ನು ಆ ಕತ್ತಲ ನಡುಮನೆಯಿಂದ ಜಗಲಿಯ ಕಿಟಕಿಯ ಬಳಿಗೆ ತರಿಸು. ಬೆಳಕು ನಿನ್ನ ಎಡಗಡೆಯಿಂದ ಬಿದ್ದರೆ ಬಲಗೈಯ ನೆರಳು ಸೂಜಿಯ ಮೇಲೆ ಬೀಳುವುದಿಲ್ಲ. ಕಪ್ಪು ಬಟ್ಟೆಗೆ ಕಪ್ಪು ನೂಲು ಹಾಕುವ ಕೆಲಸವನ್ನು ರಾತ್ರಿಗೆ ಇಡಲೇಬೇಡ.

ನನಗೆ ಹೆಚ್ಚು ಭಯವಾಗುವುದು ಮಗ ಜೋಡಿಸಿಕೊಟ್ಟ ಮೋಟಾರಿನ ಬಗ್ಗೆ. ಹಳೆಯ ಕಾಲ್ತುಳಿಯ ಮಿಷನ್ ನೀನು ತುಳಿದರೆ ಮಾತ್ರ ಓಡುತ್ತಿತ್ತು, ಇದು ಹಾಗಲ್ಲ. ಯಾರೋ ಕರೆದರೆಂದು ತಿರುಗುವಾಗ ಪೆಡಲ್ ಮೇಲಿನ ಕಾಲು ತುಸು ಒತ್ತಿದರೂ ಸಾಕು, ಸೂಜಿ ಬೆರಳಿಗೆ ಇಳಿಯುತ್ತದೆ. ಕರೆ ಬಂದರೆ ಮೊದಲು ಕಾಲು ತೆಗೆ, ಆಮೇಲೆ ತಲೆ ತಿರುಗಿಸು. ಏಳುವುದಿದ್ದರೆ ಸ್ವಿಚ್ಚು ಆರಿಸು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಮಾತಾಡುವ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡು.

ಎಲ್ಲವನ್ನೂ ಬಿಟ್ಟು ಮೌನವಾಗಿ ಕೂರು ಎಂದು ನಾನು ಹೇಳುತ್ತಿಲ್ಲ. ಅಂಚು ಹೊಲಿಯುವಾಗ, ಗುಂಡಿ ಹಾಕುವಾಗ ಮಂಗಳೂರು ಆಕಾಶವಾಣಿಯ ತಾಳಮದ್ದಳೆ ಧಾರಾಳವಾಗಿ ಕೇಳು, ಕೈ ತಾನಾಗಿ ನಡೆಯುತ್ತದೆ. ಆದರೆ ಅಳತೆ ತೆಗೆಯುವಾಗ, ಕತ್ತರಿಸುವಾಗ, ತೋಳು ಕೂಡಿಸುವಾಗ ಬೇರೇನೂ ಬೇಡ. ಜೂನ್ 1ಕ್ಕೆ ಶಾಲೆ ತೆರೆಯುವುದರಿಂದ ಈಗ ಯೂನಿಫಾರ್ಮುಗಳು ರಾಶಿ ಬಿದ್ದಿರುತ್ತವೆ. ಅವುಗಳನ್ನೆಲ್ಲ ಒಂದು ಬೆಳಗ್ಗೆ ಕತ್ತರಿಸಿಟ್ಟು, ಮರುದಿನ ಒಂದೇ ಬಣ್ಣದ ನೂಲಿನವನ್ನು ಒಟ್ಟಿಗೆ ಹೊಲಿ. ದಪ್ಪ ಬಟ್ಟೆಗೆ 16ನೇ ನಂಬರಿನ ದಪ್ಪ ಸೂಜಿ ಹಾಕಿದ ಮೇಲೆ ಆ ಬಟ್ಟೆಗಳನ್ನೇ ಮುಗಿಸು, ನಡುವೆ ಯಾರದೋ ರೇಷ್ಮೆ ರವಿಕೆಗಾಗಿ 11ರ ಸಣ್ಣ ಸೂಜಿಗೆ ಬದಲಿಸಬೇಡ. ಎದ್ದು ಹೋಗಲೇಬೇಕಾದರೆ ಮುಂದೆ ಏನು ಮಾಡಬೇಕೆಂದು ಬಟ್ಟೆಯ ಮೇಲೆಯೇ ಸೀಮೆಸುಣ್ಣದಿಂದ ಗುರುತು ಹಾಕಿ ಏಳು.

ಇನ್ನು ಈ ಪತ್ರವನ್ನು ಭಾವನವರಿಗೂ ಸೊಸೆಗೂ ಓದಿ ಹೇಳು. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ನಿನ್ನ ಫೋನು ಭಾವನವರ ಕೈಯಲ್ಲಿರಲಿ, ಹಪ್ಪಳವನ್ನೂ ಅವರೇ ನೋಡಿಕೊಳ್ಳಲಿ, ಕುಕ್ಕರ್ ಸೊಸೆ ಇಳಿಸಲಿ. ಇದನ್ನು ನಾನು ಕೇಳಿಕೊಂಡಿದ್ದೇನೆಂದೇ ಅವರಿಗೆ ಹೇಳು. ಪುತ್ತೂರಿನ ತಮ್ಮನಿಗೂ ಇದೇ ವಿಷಯ ಬರೆಯುತ್ತಿದ್ದೇನೆ. ನಿನ್ನನ್ನು ಕಣ್ಣಿನ ಡಾಕ್ಟರರ ಬಳಿಗೆ ಅವನು ಕರೆದುಕೊಂಡು ಹೋಗುತ್ತಾನೆ. ಮುಂದಿನ ವಾರ ಮಂಗಳೂರಿಗೆ ಬರುವವರೊಬ್ಬರ ಕೈಯಲ್ಲಿ ಮಿಷನಿಗೆ ಸಿಕ್ಕಿಸುವ ಸಣ್ಣ ದೀಪವನ್ನೂ ನೂಲು ಪೋಣಿಸುವ ತಂತಿಗಳನ್ನೂ ಕಳುಹಿಸುತ್ತೇನೆ. ತಲುಪಿದ ಕೂಡಲೇ ತಿಳಿಸು.

ಇಂತಿ ನಿನ್ನ ಪ್ರೀತಿಯ,
ತಂಗಿ